ಫ್ಲಶ್ ಟ್ಯಾಂಕಿಗೆ ಬಟನ್ ಎರಡಿದ್ರೂ ನೀರು ಯಾಕ ಉಳೀವಲ್ಲದು?

ಹೋದ ಬ್ಯಾಸಗಿಯಾಗ ನಮ್ಮನಿ ಮ್ಯಾಲಿನ ಸಾವಿರ ಲೀಟರ್ ಸಿಂಟೆಕ್ಸ್ ಲೆಕ್ಕ ತಪ್ಪಿತ್ತು. ಮೊದ್ಲ ಒಮ್ಮೆ ತುಂಬಿದ್ರ ಮೂರು ದಿನ ಆರಾಮ ಬರ್ತಿತ್ತು, ಆಮ್ಯಾಲ ಮೂರನೇ ದಿನ ಮುಂಜಾನೆದ್ದು ನಳ ತಿರುವಿದ್ರ ಬರೇ ಗಾಳಿ. ಮನ್ಯಾಗ ಅದ ಐದು ಮಂದಿ, ಅದ ಬಳಕಿ, ಅಂಗಳದಾಗಿನ ಪೈಪು ನೋಡಿದ್ವಿ, ಅಡಗಿಮನಿ ನಳ ನೋಡಿದ್ವಿ, ಎಲ್ಲೂ ಒಂದ್ ಹನಿ ಬೀಳಲಿಲ್ಲ. ಕಡೀಕ ರಾತ್ರಿ ಎಲ್ಲಾರೂ ಮಕ್ಕೊಂಡ ಮ್ಯಾಲ ಬಚ್ಚಲ ಕಡಿಂದ ಸುಂಯ್ ಅಂತ ಸಪ್ಪಳ ಬಂತು, ಹತ್ತು ಸೆಕೆಂಡ್ ಬಂದು ನಿಂತ್ತು, ಸ್ವಲ್ಪ ಹೊತ್ತಿಗೆ ಮತ್ತ ಬಂತು. ಯಾರೂ ಒಳಗ ಹೋಗಿಲ್ಲ, ಆದ್ರೂ ಫ್ಲಶ್ ಟ್ಯಾಂಕು ತಾನ ತುಂಬಿಕೊಳ್ಳಲಿಕ್ಕ ಹತ್ತಿತ್ತು.

ಮರುದಿನ ಟ್ಯಾಂಕಿನ ಮುಚ್ಚಳ ತೆಗೆದು, ಕೆಳಗ ಅದಕ್ಕ ನೀರು ಬಿಡೋ ಆ್ಯಂಗಲ್ ಕಾಕ್ ಬಂದ್ ಮಾಡಿ, ನೀರು ಎಲ್ಲಿ ತನಕ ಅದ ಅಲ್ಲಿ ಪೆನ್ಸಿಲ್ಲಿಂದ ಒಂದ್ ಗೆರಿ ಎಳೆದು ಅರ್ಧ ತಾಸು ಬಿಟ್ಟೆ. ನೀರು ನಾಕು ಸೆಂಟಿಮೀಟರ್ ಇಳಿದಿತ್ತು. ಟ್ಯಾಂಕಿನ ಒಳಗಿನ ಉದ್ದ ಅಗಲ ಅಳದ್ರ ಸುಮಾರು 38 ಸೆಂಟಿಮೀಟರ್, 13 ಸೆಂಟಿಮೀಟರ್. ಅಂದ್ರ ಒಂದ್ ಸೆಂಟಿಮೀಟರ್ ನೀರಿಗೆ ಅರ್ಧ ಲೀಟರ್ ಹತ್ತಿರ. ಅರ್ಧ ತಾಸಿಗೆ ಎರಡು ಲೀಟರ್, ತಾಸಿಗೆ ನಾಕು, ದಿನಕ್ಕ 96 ಲೀಟರ್. ಹನ್ನೆರಡು ಲೀಟರಿನ ಕೊಡ ಹಿಡದ್ರ ಎಂಟು ಕೊಡ. ನಳ ಬರೂದು ತಡ ಆದಾಗ ಓಣ್ಯಾಗ ಟ್ಯಾಂಕರ್ ಮುಂದ ಎಂಟು ಕೊಡಕ್ಕ ಎಷ್ಟು ಹೊತ್ತು ನಿಂದರಬೇಕು ಅಂತ ವಿಜಯಪುರದ ಹೆಣ್ಮಕ್ಕಳನ್ನ ಕೇಳ್ರಿ. ಅಷ್ಟು ನೀರು ನಮ್ಮ ಕಣ್ಣಿಗೆ ಬೀಳದಂಗ ಸಂಡಾಸದ ಸಿಂಕಿನ ಗ್ವಾಡಿ ಹಿಡಕೊಂಡು ತೆಳ್ಳಗ ಇಳದು ಹೋಗ್ತಿತ್ತು.

ಮತ್ತ ಅದು ಹಳೇ ಟ್ಯಾಂಕ್ ಅಲ್ಲ, ನೀರು ಉಳಸ್ತದ ಅಂತ ಹೇಳಿ ಹಾಕಿಸಿದ ಎರಡು ಬಟನ್ನಿನ ಟ್ಯಾಂಕ್. ಅದಕ್ಕ ಈ ವಿಷಯ ಕೂತು ತಿಳ್ಕೋಬೇಕು ಅನಸ್ತು. ಅಂಗಡ್ಯಾಗ ಡಬ್ಬಿ ಮ್ಯಾಲ 6/3, ಅಂದ್ರ ದೊಡ್ಡ ಬಟನ್ನಿಗೆ 6 ಲೀಟರ್, ಸಣ್ಣದಕ್ಕ 3 ಅಂತ ಬರದಿರ್ತಾರ, ನಾವೂ ಅದನ್ನ ನೋಡಿ ತರ್ತೀವಿ, ಆದ್ರ ನೀರು ಉಳಿಯೂದು ಬಿಡೂದು ಆ ನಂಬರಿನ ಮ್ಯಾಲ ಅಷ್ಟ ನಿಂತಿಲ್ಲ, ಕೆಳಗ ಕೂತಿರೋ ಅಂಗೈ ಅಗಲದ ರಬ್ಬರ್ ವಾಶರ್ ಮ್ಯಾಲ ನಿಂತದ.

ಮೊದ್ಲು ಹಳೇ ಟ್ಯಾಂಕ್ ಹೆಂಗ ಇತ್ತು ನೋಡ್ರಿ. ರೈಲ್ವೆ ಸ್ಟೇಶನ್ನಿನ್ಯಾಗ, ಹಳೇ ಸರ್ಕಾರಿ ಕ್ವಾರ್ಟರ್ಸಿನ್ಯಾಗ ತಲಿ ಮ್ಯಾಲ ಬೀಡಕಬ್ಬಿಣದ ಪೆಟ್ಟಿಗಿ, ಅದಕ್ಕ ಜೋತು ಬಿದ್ದ ಸರಪಳಿ ನೋಡಿದವರು ಭಾಳ ಮಂದಿ ಇದ್ದೀರಿ. ಅದರೊಳಗ ಇರೂದು ಸೈಫನ್. ಸರಪಳಿ ಜಗ್ಗಿದ್ರ ಒಳಗಿನ ಗಂಟಿಯಂಥ ಟೊಪಗಿ ಮ್ಯಾಲ ಎದ್ದು ಬೀಳ್ತದ, ಆ ಧಕ್ಕಿಗೆ ಸ್ವಲ್ಪ ನೀರು ಟೊಪಗಿಯೊಳಗ ನಿಂತ ಪೈಪಿನ ತಲಿ ದಾಟ್ತದ, ಒಮ್ಮೆ ದಾಟಿತು ಅಂದ್ರ ಉಳಿದ ನೀರನ್ನೂ ತನ್ನ ಹಿಂದ ಎಳಕೊಂಡು ಹೋಗ್ತದ, ಡ್ರಮ್ಮಿನಿಂದ ಪೈಪು ಬಾಯಾಗ ಹಿಡದು ಡೀಸೆಲ್ ಎಳದಂಗ. ನೀರು ತಳಕ್ಕ ಬಂದು ಗಾಳಿ ಹೊಕ್ತು ಅಂದ್ರ ನಿಂತ್ತು. ಇದರ ದೊಡ್ಡ ಗುಣ ಏನಂದ್ರ, ನೀರು ಹೋಗೂ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮ್ಯಾಲ ಇರ್ತದ, ನೀರಿನ ಕೆಳಗ ರಬ್ಬರಿಂದ ಮುಚ್ಚಬೇಕಾದ ತೂತು ಅಂಬೂದ ಇಲ್ಲ. ಹಂಗಾಗಿ ನೀರು ತುಂಬಿದ ಕೂಡಲೆ ಬಂದ್ ಮಾಡೋ ಫ್ಲೋಟ್ ಛಲೋ ಇತ್ತಂದ್ರ ಗುಪ್ತವಾಗಿ ಸೋರೂ ಮಾತ ಇಲ್ಲ. ಕೆಟ್ಟಿತಂದ್ರ ಜಗ್ಗಿದ್ರೂ ನೀರು ಬರೂದಿಲ್ಲ, ಅವತ್ತ ಗೊತ್ತಾಗ್ತದ. ಅವಗುಣ ಏನಂದ್ರ ಒಮ್ಮೆ ಜಗ್ಗಿದ್ರ ಹತ್ತು, ಹನ್ನೆರಡೂವರಿ ಲೀಟರ್ ಪೂರ್ತಿ ಖಾಲಿ. ನೀರ್ಕಡಿಗೂ ಅಷ್ಟ, ಸಂಡಾಸಕ್ಕೂ ಅಷ್ಟ.

ಇದಕ್ಕ ಉತ್ತರ ಹುಡಕಿದ್ದು ಆಸ್ಟ್ರೇಲಿಯಾದವರು, ನಮ್ಮಂಗ ಬರ ಕಂಡ ದೇಶ ಅದು. 1980ರಾಗ ಕರೋಮಾ ಕಂಪನಿಯ ಬ್ರೂಸ್ ಥಾಂಪ್ಸನ್ ಅನ್ನೋರು ಎರಡು ಬಟನ್ನಿನ ಟ್ಯಾಂಕ್ ಮಾಡಿದ್ರು, ಅವಾಗ ದೊಡ್ಡದಕ್ಕ 11 ಲೀಟರ್, ಸಣ್ಣದಕ್ಕ 5.5. ಆಮ್ಯಾಲ ಇಳೀತಾ ಇಳೀತಾ 1990ರ ದಶಕದಾಗ 6/3ಕ್ಕ ಬಂತು, ಈಗ 4.5/3, 4/2 ಅಂಥವೂ ಸಿಗ್ತಾವ. ಒಳಗ ಏನಾಗ್ತದ ಅಂದ್ರ, ನಡುವ ನಿಂತ ಪ್ಲಾಸ್ಟಿಕ್ ಕಂಬದ ಬುಡಕ್ಕ ಒಂದ್ ರಬ್ಬರ್ ಬಳಿ ಇರ್ತದ, ಅದ ತಳದ ತೂತು ಮುಚ್ಚಿರ್ತದ. ದೊಡ್ಡ ಬಟನ್ ಒತ್ತಿದ್ರ ಕಂಬ ಪೂರ್ತಿ ಮ್ಯಾಲ ಎದ್ದು ನೀರು ತಳಕ್ಕ ಬರೂ ತನಕ ತೇಲ್ತದ, ಸಣ್ಣ ಬಟನ್ ಒತ್ತಿದ್ರ ನಡುವ ಕೆಳಗ ಬಿದ್ದು ಬಾಯಿ ಮುಚ್ಚತದ.

ಲೆಕ್ಕದಾಗ ಇದು ಭಾಳ ಛಲೋ. ಐದು ಮಂದಿ ಮನಿ, ಒಬ್ಬೊಬ್ಬರು ದಿನಕ್ಕ ಒಂದ್ ಸಲ ದೊಡ್ಡದು, ನಾಕು ಸಲ ಸಣ್ಣದು ಅಂತ ಹಿಡೀರಿ. ಹತ್ತು ಲೀಟರಿನ ಟ್ಯಾಂಕಿಗೆ 250 ಲೀಟರ್, 6/3 ಟ್ಯಾಂಕಿಗೆ 90 ಲೀಟರ್, ಉಳಿಯೂದು 160. ಈಗ ನಮ್ಮನಿ ಸೋರಿಕಿ 96 ಕಳೀರಿ, ಉಳಿದದ್ದು 64. ಸೋರಿಕಿ ಇನ್ನ ಸ್ವಲ್ಪ ಜೋರಾತು, ನಿಮಿಷಕ್ಕ ಒಂದ್ ಸಣ್ಣ ಚಾದ ಕಪ್ಪಿನಷ್ಟು, 120 ಮಿಲಿಲೀಟರ್ ಅಂತ ಹಿಡದ್ರ ದಿನಕ್ಕ 170 ಲೀಟರ್ ದಾಟ್ತದ, ಉಳಿಸಿದ್ದೆಲ್ಲ ಹೋಗಿ ಹಳೇ ಸರಪಳಿ ಟ್ಯಾಂಕಿನಕಿಂತ ಹೆಚ್ಚು ಹೋದಂಗಾತು. ಇದು ನಮ್ಮನಿ ಒಂದರ ಕಥಿ ಅಲ್ಲ. ಬ್ರಿಟನ್ನಿನ್ಯಾಗ ನೂರು ವರ್ಷದ ಮ್ಯಾಲ ಸೈಫನ್ ಬಿಟ್ಟು ಬ್ಯಾರೆ ಟ್ಯಾಂಕಿಗೆ ಪರವಾನಗಿನ ಇರಲಿಲ್ಲ, ಸೋರಬಾರದು ಅಂಬೂದ ಅದರ ಕಾರಣ. 2001ರಿಂದ ತಳಕ್ಕ ರಬ್ಬರ್ ಮುಚ್ಚಳ ಇರೋ ವಾಲ್ವ್ ಟ್ಯಾಂಕಿಗೆ ಬಿಟ್ರು, ಒಂದ್ ಫ್ಲಶ್ಶಿಗೆ 6 ಲೀಟರ್ ಮಿತಿ ಹಾಕಿದ್ರು. 2020ರ ಹೊತ್ತಿಗೆ ಅಲ್ಲಿ ನೀರು ಉಳಿಸೂ ಕೆಲಸ ಮಾಡೋ ವಾಟರ್‌ವೈಸ್ ಸಂಸ್ಥೆ ಹಾಕಿದ ಅಂದಾಜಿನ ಪ್ರಕಾರ ನೂರಕ್ಕ 5ರಿಂದ 8 ಟಾಯ್ಲೆಟ್ ಸೋರ್ತಿದ್ವು, ದಿನಕ್ಕ 40 ಕೋಟಿ ಲೀಟರ್ ಹೋಗ್ತಿತ್ತು, ಅದರಾಗ ಹೆಚ್ಚಿನವು ಇವ ಎರಡು ಬಟನ್ನಿನವು. ಹಂಗಂತ ಎರಡು ಬಟನ್ ಬ್ಯಾಡ ಅಂತ ನಾ ಹೇಳೂದಿಲ್ಲ. ಆದ್ರ ಹಾಕಿಸಿ ಮರತ್ರ ಅದು ಹಳೇದರಕಿಂತ ಕೆಟ್ಟದು.

ಈಗ ನಮ್ಮ ಊರಿನ ನೀರಿಗೆ ಬರ್ರಿ. ನಳಕ್ಕ ಬರೂದು ಕೃಷ್ಣಾ ಹೊಳಿ ನೀರು, ಕೊಲ್ಹಾರದಿಂದ ಪಂಪ್ ಮಾಡಿ ತರ್ತಾರ, ಅದು ಸಿಹಿ ನೀರು. ಅದು ಸಾಲದವರು ಬೋರಿನ ನೀರು ಕೂಡಸ್ತಾರ, ಬೋರಿನದು ನಮ್ಮ ಕಡೆ ಗಡಸು, ಎಷ್ಟೋ ಕಡೆ ಸವಳು. ಬಕೆಟ್ಟಿನ ಒಳಗ ಬಿಳೀ ಪರಿ ಕಟ್ಟೂದು ಎಲ್ಲಾರೂ ನೋಡೀರಿ, ಅದ ಸುಣ್ಣ ವಾಶರ್ ಮ್ಯಾಲೂ ಕೂಡ್ತದ. ನಾ ನಮ್ಮ ಟ್ಯಾಂಕಿನ ಕಂಬ ಎಡಕ್ಕ ತಿರುವಿ ಹೊರಗ ತೆಗೆದು ನೋಡ್ದೆ, ರಬ್ಬರ್ ಬಳಿಯ ಅಂಚಿಗೆ ಜ್ವಾಳದ ನುಚ್ಚಿನಂಗ ಬಿಳೀ ಕಾಳು ಕೂತಿದ್ವು, ಒಂದ್ ಕಡೆ ರಬ್ಬರ್ ಉಗುರು ಒತ್ತಿದ್ರ ಒಳಗ ಹೋಗಿ ಹೊಳ್ಳಿ ಬರಲಿಲ್ಲ, ಗಟ್ಟಿ ಆಗಿತ್ತು. ತೂತಿನ ಸುತ್ತ ಬೆರಳಾಡಿಸಿದ್ರ ಉಸುಕಿನ ಕಾಗದದಂಗ ಹತ್ತಿತು. ಹಿಂಗಿದ್ದ ಮ್ಯಾಲ ಕೂದಲೆಳಿಯಷ್ಟು ಸಂದಿ ಸಾಕು. ನಾವು ಟ್ಯಾಂಕಿನ್ಯಾಗ ವಾಸನಿ ಬರಬಾರದು ಅಂತ ನೀಲಿ ಗುಳಿಗಿ ಬ್ಯಾರೆ ಹಾಕ್ತಿದ್ವಿ, ಇಂಥ ಗುಳಿಗಿಯಾಗ ಕ್ಲೋರಿನ್ ಇದ್ರ ಅದು ರಬ್ಬರನ್ನ ಲಗೂನ ತಿಂತದ. ಪ್ಲಂಬರ್ ಬಂದವರು ತೊಂಬತ್ತು ರೂಪಾಯಿ ವಾಶರ್ ಹಾಕಿದ್ರು, ಕೂಡೂ ಜಾಗಾ ಲಿಂಬಿ ಹಣ್ಣಿನ ಹೋಳಿನಿಂದ ತಿಕ್ಕಿ ಸುಣ್ಣ ತೆಗೆದ್ರು. ಆ್ಯಸಿಡ್ ಹಾಕಬ್ಯಾಡ್ರಿ ಅಂದ್ರು, ಪ್ಲಾಸ್ಟಿಕ್ಕೂ ರಬ್ಬರೂ ಎರಡೂ ಹಾಳು. ಮರುದಿನ ಮತ್ತ ಪೆನ್ಸಿಲ್ ಗೆರಿ ಎಳದೆ, ಇಡೀ ರಾತ್ರಿ ಒಂದ್ ಕೂದಲಿನಷ್ಟೂ ಇಳೀಲಿಲ್ಲ.

ಸುಣ್ಣದ ಮಾತು ಬಂತು ಅಂತ ಇನ್ನೊಂದು. ಫ್ಲೋಟ್ ವಾಲ್ವ್ ಅಂತ ಟ್ಯಾಂಕಿಗೆ ನೀರು ಬಿಡೂದು ಇರ್ತದಲ್ಲ, ಅದು ಕೆಟ್ಟ್ರ ನೀರು ನಡುವಿನ ಓವರ್‌ಫ್ಲೋ ಕೊಳವಿ ಮ್ಯಾಲಿಂದ ಉಕ್ಕಿ ಸಿಂಕಿಗೆ ಹೋಗ್ತದ, ಇದೂ ಹೊರಗ ಕಾಣೂದಿಲ್ಲ. ನೀರಿನ ಮಟ್ಟ ಆ ಕೊಳವಿ ಬಾಯಿಗಿಂತ ಎರಡು ಬಟ್ಟು ಕೆಳಗ ನಿಲ್ಲಬೇಕು. ಮೂರನೇ ಅಂತಸ್ತಿನ ಮ್ಯಾಲ ಸಿಂಟೆಕ್ಸ್ ಇದ್ದು ಕೆಳಗಿನ ಮನ್ಯಾಗ ಬಚ್ಚಲ ಇದ್ರ ನೀರಿನ ಧಡಕಿ ಜಾಸ್ತಿ, ಫ್ಲೋಟಿನ ಸಣ್ಣ ರಬ್ಬರ್ ಲಗೂ ಸವೀತದ. ಆದಿಲಶಾಹಿ ಕಾಲದ ಮಂದಿ ಈ ಧಡಕಿ ಮುರಿಯೂ ಲೆಕ್ಕ ಅವಾಗ ತಿಳಕೊಂಡಿದ್ರು. ತೊರವಿ ಕಡಿಂದ, 1651ರಾಗ ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವಿಯಾಗ ಊರಿಗೆ ನೀರು ತರುವಾಗ ನಡುನಡುವ ಗಂಜ್ ಅಂತ ಕಲ್ಲಿನ ಎತ್ತರದ ಗೋಪುರ ಕಟ್ಟಿದ್ರು, ನೀರು ಅದರೊಳಗ ಏರಿ ನಿಂತು ಇಳಿಯೂದ್ರಾಗ ಒತ್ತಡ ಮುರೀತಿತ್ತು, ರಾಡಿ ತಳಕ್ಕ ಕೂಡ್ತಿತ್ತು, ಕೊಳವಿ ಒಡೀತಿರಲಿಲ್ಲ. ಇವತ್ತಿಗೂ ಊರಾಗ ಅಲ್ಲಲ್ಲಿ ಅವು ನಿಂತಾವ, ನಾವು ದಿನಾ ಅವುಗಳ ಮಗ್ಗಲಿಂದ ಗಾಡಿ ಹೊಡಕೊಂಡು ಹೋಗ್ತೀವಿ. ಮನ್ಯಾಗ ಗಂಜ್ ಕಟ್ಟಲಿಕ್ಕ ಆಗೂದಿಲ್ಲ, ಆ್ಯಂಗಲ್ ಕಾಕ್ ಪೂರ್ತಿ ತೆರೀದ ಅರ್ಧ ತಿರುವಿ ಇಟ್ರ ನೀರು ಹರಿಯೂ ಹೊತ್ತಿನ ಧಡಕಿ ಸ್ವಲ್ಪ ಕಮ್ಮಿ ಆಗ್ತದ. ಇನ್ನೊಂದು ಲಾಭ ಅದ ಇದರಾಗ. ಫ್ಲಶ್ ಹರಿಯೂ ಹೊತ್ತಿನ್ಯಾಗ ಫ್ಲೋಟ್ ವಾಲ್ವೂ ತೆರದು ನೀರು ಬಿಡ್ತಿರ್ತದ, ಆ ನೀರೂ ಜೋಡಿಗೆ ಹರಕೊಂಡು ಹೋಗ್ತದ, ಆರು ಲೀಟರ್ ಅಂದದ್ದು ಆರಕ್ಕ ನಿಲ್ಲೂದಿಲ್ಲ. ಕಾಕ್ ಸಣ್ಣ ಮಾಡಿದ್ರ ಈ ಹೆಚ್ಚುವರಿ ಕಮ್ಮಿ ಆಗ್ತದ. ತಳದ ಬಾಯಿ ಮುಚ್ಚೂ ತನಕ ತಡದು ಆಮ್ಯಾಲ ನೀರು ಬಿಡೋ ವಾಲ್ವೂ ಈಗ ಬಂದಾವ, ಸಿಕ್ರ ಅದು ಛಲೋ.

ಎರಡನೇ ದೊಡ್ಡ ತಪ್ಪು ಜೋಡಿ ಕೂಡಸೂದ್ರಾಗ ಆಗ್ತದ. ಹಳೇ ಸಿಂಕು ಹತ್ತು ಲೀಟರಿಗೆ ಅಂತ ಮಾಡಿದ್ದು, ಅದರ ಬಾಯಿ, ಇಳಿಜಾರು, ಕೆಳಗ ನೀರು ನಿಲ್ಲೂ ಟ್ರ್ಯಾಪಿನ ಬಾಗು ಎಲ್ಲಾ ಆ ಲೆಕ್ಕಕ್ಕ. ಸಿಂಕು ಅದನ್ನ ಇಟ್ಟು ಟ್ಯಾಂಕ್ ಅಷ್ಟ ಬದಲಿ ಮಾಡಿ ಆರು ಲೀಟರಿಂದು ಕೂಡಿಸಿದ್ರ ಒಂದ ಸಲಕ್ಕ ಸ್ವಚ್ಛ ಆಗೂದಿಲ್ಲ, ಮತ್ತೊಮ್ಮೆ ಒತ್ತತಾರ, ಹನ್ನೆರಡು ಆತು. ಅಮೆರಿಕಾದಾಗ ಇದ ಆತು. 1992ರ ಕಾಯ್ದೆ ಪ್ರಕಾರ 1994ರಿಂದ ಹೊಸ ಟಾಯ್ಲೆಟ್ಟಿಗೆ ಸುಮಾರು 6 ಲೀಟರ್ ಮಿತಿ ಬಂತು, ಅದಕ್ಕ ಮುಂಚೆ ಅಲ್ಲಿ ಒಂದ್ ಫ್ಲಶ್ಶಿಗೆ 13 ಲೀಟರ್ ಹೋಗ್ತಿತ್ತು. ಶುರುವಿನ ಎಷ್ಟೋ ಮಾಡೆಲ್ ಹಳೇ ಡಿಸೈನಿಗೆ ನೀರು ಅಷ್ಟ ಕಮ್ಮಿ ಮಾಡಿದಂಥವು, ಮಂದಿ ಎರಡೆರಡು ಸಲ ಒತ್ತಿ ಬೈದ್ರು. 2003ರಿಂದ ಸೋಯಾಬೀನ್ ಮುದ್ದಿ ಹಾಕಿ ಒಂದ್ ಫ್ಲಶ್ಶಿಗೆ ಎಷ್ಟು ಗ್ರಾಂ ಹೋಗ್ತದ ಅಂತ ಟೆಸ್ಟ್ ಮಾಡೂದು ಶುರು ಆತು, ಆ ಮ್ಯಾಲ ಕಂಪನಿಗಳು ಸಿಂಕಿನ ಒಳಮೈ ನುಣುಪು ಮಾಡಿದ್ರು, ನೀರಿನ ದಾರಿ ಅಗಲ ಮಾಡಿದ್ರು, ಅವಾಗ ಅದ ಆರು ಲೀಟರ್ ಸಾಕಾತು. ಇನ್ನ ಟ್ಯಾಂಕಿನ ಎತ್ತರನೂ ಲೆಕ್ಕಕ್ಕ ಬರ್ತದ. ತಲಿ ಮ್ಯಾಲಿನ ಟ್ಯಾಂಕಿನಿಂದ ಬೀಳೂ ನೀರಿಗೆ ಜೋರು ಇರ್ತದ, ಕಮೋಡಿನ ಬೆನ್ನಿಗೆ ಹತ್ತಿದ ಟ್ಯಾಂಕಿಗೆ ಆ ಬೀಳಿಕಿ ಇಲ್ಲ. ಹಂಗಾಗಿ ಭಾರತೀಯ ಸಿಂಕು ಇದ್ದವರು ಚೆಂದ ಕಾಣೂದಿಲ್ಲ ಅಂತ ಟ್ಯಾಂಕ್ ಕೆಳಗ ಇಳಿಸಬ್ಯಾಡ್ರಿ, ಎತ್ತರದಾಗ ಇದ್ರ ಕಮ್ಮಿ ನೀರಿಗ ಕೆಲಸ ಆಗ್ತದ.

ಹಳೇ ಟ್ಯಾಂಕಿನ್ಯಾಗ ಇಟ್ಟಂಗಿ ಇಡೂದು ಅಂತ ಒಂದು ರೂಢಿ ಅದ, ಅದು ಬ್ಯಾಡ, ಇಟ್ಟಂಗಿ ನೀರಾಗ ಕರಗಿ ಉಸುಕು ವಾಶರಿನ ಕೆಳಗ ಹೋಗಿ ಕೂಡ್ತದ, ಉಳಿಸಲಿಕ್ಕ ಹೋಗಿ ಸೋರಿಕಿ ತಂದುಕೊಂಡಂಗ. ಒಂದ್ ಲೀಟರ್ ಬಾಟಲಿಗೆ ನೀರು ತುಂಬಿ ಬಿರಡಿ ಬಿಗದು ಮೂಲ್ಯಾಗ ಇಡಬಹುದು. ಎರಡು ಬಟನ್ನಿನದಕ್ಕ ಬಾಟಲಿನೂ ಬ್ಯಾಡ, ಫ್ಲೋಟಿನ ಕಡ್ಡಿ ತಿರುವಿ ಮಟ್ಟ ಇಳಿಸ್ರಿ, ಭಾಳ ಮಾಡೆಲ್ಲಿನ್ಯಾಗ ಕಂಬದ ಮ್ಯಾಲ ಸಣ್ಣ ಜಾರುಗುಂಡಿ ಇರ್ತದ, ಅದನ್ನ ಸರಿಸಿದ್ರ ಸಣ್ಣ ಫ್ಲಶ್ಶಿನ ನೀರು ಹೆಚ್ಚುಕಮ್ಮಿ ಮಾಡಬಹುದು. ಪ್ಲಂಬರ್ ಮಂದಿ ಇದನ್ನ ಕೂಡಿಸುವಾಗ ಮುಟ್ಟೂದ ಇಲ್ಲ, ಕಂಪನಿಯಿಂದ ಬಂದಂಗ ಬಿಡ್ತಾರ. ಆದ್ರ ತೀರಾ ಕಮ್ಮಿನೂ ಮಾಡಬಾರದು, ಸಿಂಕು ಸ್ವಚ್ಛ ಕಂಡ್ರೂ ಅಂಗಳದಾಗಿನ ನಾಕಿಂಚಿನ ಪೈಪಿನ್ಯಾಗ ಮಾಲು ಚೇಂಬರ್ ತನಕ ಹೋಗಿ ಮುಟ್ಟಬೇಕಲ್ಲ, ಇಳಿಜಾರು ಕಮ್ಮಿ ಇದ್ದು ದೂರ ಜಾಸ್ತಿ ಇದ್ರ ನಡುವ ನಿಂತು ಗಟ್ಟಿ ಆಗ್ತದ.

ಗ್ವಾಡಿಯೊಳಗ ಹುಗದಿಡೋ ಟ್ಯಾಂಕಿನ ಫ್ಯಾಶನ್ ಈಗ ಹೊಸ ಲೇಔಟ್ ಮನಿಗೆಲ್ಲ ಬಂದದ. ನೋಡ್ಲಿಕ್ಕ ಚೆಂದ, ಆದ್ರ ಸೋರಿದ್ರ ಯಾರ್ ನೋಡಬೇಕು? ಹಾಕಿಸೂದಾದ್ರ ಬಟನ್ ಪ್ಲೇಟ್ ತೆಗೆದು ವಾಶರ್ ಬದಲಿ ಮಾಡಲಿಕ್ಕ ಬರ್ತದೋ ಇಲ್ಲೋ, ಆ ವಾಶರ್ ನಮ್ಮ ಊರಾಗ ಸಿಗ್ತದೋ ಇಲ್ಲೋ ಕೇಳಿ ಹಾಕಿಸ್ರಿ. ಟ್ಯಾಂಕ್ ಇಲ್ದ ನೇರ ಪೈಪಿಗೆ ಕೂಡಿಸಿದ ಫ್ಲಶ್ ವಾಲ್ವ್ ಅಂತೂ ನನಗ ಮನಸಿಗೆ ಬರೂದಿಲ್ಲ, ಅದರಾಗ ಭಾಳಷ್ಟಕ್ಕ ಅಳತಿನ ಇಲ್ಲ, ಕೈ ಹಿಡದಷ್ಟು ಹೊತ್ತು ಹರೀತದ, ಲಾಡ್ಜು ಕಲ್ಯಾಣ ಮಂಟಪದಾಗ ಅಂಟಿಕೊಂಡು ಬಿಟ್ರ ಮುಂಜಾನೆ ತನಕ ಹರೀತಿರ್ತದ.

ಇಷ್ಟೆಲ್ಲ ಯಾಕ ಹೇಳ್ತೀನಂದ್ರ, ಒಳಚರಂಡಿ ಇದ್ದ ಊರಿಗೆ ಒಬ್ಬರಿಗೆ ದಿನಕ್ಕ 135 ಲೀಟರ್ ಅಂತ ನಮ್ಮ ದೇಶದ ಲೆಕ್ಕ, ಅದರಾಗ 45 ಲೀಟರ್ ಫ್ಲಶ್ಶಿಗ ಅಂತ ಕಟ್ಟಡ ಸಂಹಿತೆ ಹೇಳ್ತದ. ಮೂರರಾಗ ಒಂದ್ ಪಾಲು. 2011ರ ಜನಗಣತಿ ಪ್ರಕಾರ ವಿಜಯಪುರದಾಗ ಮೂರೂಕಾಲು ಲಕ್ಷ ಮಂದಿ, ಆ 45ರ ಲೆಕ್ಕ ಹಿಡದ್ರ ದಿನಕ್ಕ ಹತ್ತಿರ ಹತ್ತಿರ ಒಂದೂವರಿ ಕೋಟಿ ಲೀಟರ್. ಅದೂ ಕುಡಿಯುವಂಗ ಶುದ್ಧ ಮಾಡಿ, ಕೊಲ್ಹಾರದಿಂದ ಕರೆಂಟ್ ಸುಟ್ಟು ಮ್ಯಾಲ ಎತ್ತಿ ತಂದ ನೀರು. ಹಳ್ಳಿಗೆ ಜಲಜೀವನ ಮಿಷನ್ನಿನ್ಯಾಗ ಕೊಡೂ ಗುರಿನ ಒಬ್ಬರಿಗೆ ದಿನಕ್ಕ 55 ಲೀಟರ್. ನಮ್ಮನಿ ಒಂದ್ ವಾಶರ್ ಸೋರಿದ್ದು ಹಳ್ಳಿ ಒಬ್ಬರ ಪಾಲಿನ ಹತ್ತಿರ ಎರಡರಷ್ಟು, ಇದು ತಿಳದ ಮ್ಯಾಲ ನನಗ ಸುಮ್ನ ಕೂಡಲಿಕ್ಕ ಆಗಲಿಲ್ಲ.

ಸೆಪ್ಟಿಕ್ ಟ್ಯಾಂಕ್ ಇದ್ದವರಿಗೆ ಇನ್ನೊಂದ್ ಬರೆ. ನಮ್ಮದು ಎರಿ ಮಣ್ಣು, ಹಸಿ ಆತಂದ್ರ ಉಬ್ಬಿ ನೀರು ಹೀರೂದು ಬಿಡ್ತದ, ಸೋರಿದ ನೀರೆಲ್ಲ ಇಂಗುಗುಂಡಿ ತುಂಬಿ ಮಳಿಗಾಲದಾಗ ಹೊಳ್ಳಿ ಬರ್ತದ.

ನಮ್ಮ ರೂಢಿಯೊಳಗ ಒಂದ್ ಅನುಕೂಲ ಅದ, ಅದನ್ನ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ. ಹೊರದೇಶದ ಟ್ಯಾಂಕು ಕಾಗದ ಕೊಚ್ಚಿಕೊಂಡು ಹೋಗಲಿ ಅಂತ ಅಳದು ಮಾಡಿದ್ದು, ನಾವು ನೀರು ಬಳಸೋರು, ಕಾಗದ ಹಾಕೂದಿಲ್ಲ. ನೀರ್ಕಡಿಗೆ ಹೋದ್ರ ಒಂದ್ ದೊಡ್ಡ ತಂಬಿಗಿ ನೀರು ಜೋರ್ ಸುರುವಿದ್ರ ಸಾಕು, ಮೂರು ಲೀಟರಿನ ಬಟನ್ನೂ ಬೇಕಾಗಿಲ್ಲ. ಬಿಂದೇಶ್ವರ್ ಪಾಠಕ್ ಅವರು 1970ರಾಗ ಶುರು ಮಾಡಿದ ಸುಲಭ್ ಶೌಚಾಲಯದ ಸಿಂಕಿಗೆ 25ರಿಂದ 28 ಡಿಗ್ರಿ ಇಳಿಜಾರು, ಟ್ರ್ಯಾಪಿನ್ಯಾಗ ನಿಲ್ಲೂ ನೀರಿನ ಆಳ 20 ಮಿಲಿಮೀಟರ್ ಅಷ್ಟ, ಒಂದೂವರಿಯಿಂದ ಎರಡು ಲೀಟರ್ ಸುರುವಿದ್ರ ಎಲ್ಲಾ ಹೋಗ್ತದ. ಟ್ಯಾಂಕು ಬಟನ್ನು ಏನೂ ಇಲ್ಲ. ಸ್ವಚ್ಛ ಭಾರತದಾಗ ಕಟ್ಟಿದ ಎರಡು ಗುಂಡಿ ಪಾಯಖಾನಿಯೂ ಇದ ಜಾತಿದು. ಹಳ್ಳಿಯಿಂದ ಬಂದ ನಮ್ಮ ದೊಡ್ಡವ್ವ ಎರಡು ತಂಬಿಗಿಯಾಗ ಮುಗಸೂದನ್ನ ನಾವು ಪ್ಯಾಟಿ ಮಂದಿ ಆರು ಲೀಟರಿನ್ಯಾಗ ಮುಗಿಸಲಿಕ್ಕ ಒದ್ದಾಡ್ತೀವಿ. ಟ್ಯಾಂಕ್ ಮಾಡೋ ಕಂಪನಿಗಳು ಈ ಸಿಂಕಿನ ಇಳಿಜಾರನ್ನ ನೋಡಿ ಕಲೀಬೇಕು ಅಂತ ನನಗ ಖರೇ ಅನಸ್ತದ.

ಜಪಾನದಾಗ ಟ್ಯಾಂಕಿನ ಮುಚ್ಚಳದ ಮ್ಯಾಲ ಸಣ್ಣ ಬೇಸಿನ್ ಇರ್ತದ, ಫ್ಲಶ್ ಆದ ಮ್ಯಾಲ ತುಂಬೂ ನೀರು ನಳದಿಂದ ಬಂದು ಕೈ ತೊಳದುಕೊಂಡು ಟ್ಯಾಂಕಿಗೆ ಇಳೀತದ, ಒಂದ ನೀರು ಎರಡು ಕೆಲಸ. ನಮ್ಮನ್ಯಾಗ ಅದಕ್ಕಿಂತ ಸುಲಭದ್ದು ಆರ್‌ಒ ನೀರು. ಮನಿ ಆರ್‌ಒ ಒಂದ್ ಲೀಟರ್ ಸಿಹಿ ನೀರು ಕೊಡಲಿಕ್ಕ ಎರಡು ಮೂರು ಲೀಟರ್ ಹೊರಗ ಬಿಡ್ತದ, ನಾವು ಅದನ್ನ ಬಕೆಟ್ಟಿಗೆ ಹಿಡದು ಬಚ್ಚಲದಾಗ ಇಟ್ಟೀವಿ. ಕೆಲವರು ಆ ಪೈಪನ್ನ ಸೀದಾ ಫ್ಲಶ್ ಟ್ಯಾಂಕಿಗೆ ಜೋಡಸ್ತಾರ, ಅದು ಬ್ಯಾಡ. ಆ ನೀರಾಗ ಸುಣ್ಣ ಇನ್ನೂ ಹೆಚ್ಚಿಗೆ ಕೂಡಿರ್ತದ, ವಾಶರ್ ಲಗೂ ಹೋಗ್ತದ. ತಂಬಿಗಿಂದ ಸೀದಾ ಸಿಂಕಿಗೆ ಸುರುವ್ರಿ.

ಇನ್ನ ಪರೀಕ್ಷಾ ಮಾಡೂದು ಭಾಳ ಸುಲಭ. ಪೆನ್ಸಿಲ್ ಗೆರಿ ಬ್ಯಾಡ ಅಂದ್ರ ಅರಿವಿಗೆ ಹಾಕೋ ನೀಲಿ ನಾಕು ಹನಿ ಟ್ಯಾಂಕಿಗೆ ಹಾಕಿ, ಫ್ಲಶ್ ಮಾಡ್ದ ಅರ್ಧ ತಾಸು ಬಿಡ್ರಿ, ಸಿಂಕಿನ ನೀರು ನೀಲಿ ಆತಂದ್ರ ವಾಶರ್ ಹೋಗ್ಯದ. ಹೊಸಾದು ಕೊಳ್ಳೋರು ಐಎಸ್‌ಐ ಗುರುತು ನೋಡ್ರಿ, ಪ್ಲಾಸ್ಟಿಕ್ ಟ್ಯಾಂಕಿಗೆ ಐಎಸ್ 7231 ಅಂತ ನಂಬರ್ ಇರ್ತದ, ಆಮ್ಯಾಲ ಅಂಗಡ್ಯಾವರಿಗೆ ವಾಶರ್ ಬಿಡಿಯಾಗಿ ಕೊಡ್ತೀರೇನು ಅಂತ ಕೇಳಿ, ಕೊಟ್ರ ಒಂದ್ ಹೆಚ್ಚಿಗೆ ತಂದು ಮನ್ಯಾಗ ಇಡ್ರಿ.

ನಮ್ಮನಿದು ರಿಪೇರಿ ಆದ ವಾರ ನಾನು ನನ್ನ ತಂಗಿ ನೀಲಿ ಬಾಟಲಿ ಹಿಡಕೊಂಡು ಓಣ್ಯಾಗ ಆರು ಮನಿಗೆ ಹೋದ್ವಿ. ಮೊದ್ಲ ಮನ್ಯಾಗ ಸಂಕೋಚ ಮಾಡಿಕೊಂಡ್ರು, ಎರಡನೇದರಾಗ ಚಾ ಕೊಟ್ರು. ಎರಡು ಮನ್ಯಾಗ ಸಿಂಕು ನೀಲಿ ಆತು, ಒಂದರಾಗ ಅಂತೂ ನಾವು ಚಾ ಕುಡದು ಮುಗಸೂದ್ರೊಳಗ. ಆ ಮನಿ ಅಜ್ಜಿ ಬಗ್ಗಿ ನೋಡಿ, ಇದ ನೀರು ಹೊರಲಿಕ್ಕ ನಾ ಹುಡಿಗಿದ್ದಾಗ ಬಾವಡಿ ತನಕ ನಡೀತಿದ್ದೆ ನೋಡವಾ ಅಂದು, ಮಗನಿಗೆ ಈಗ ಇಂದ ಪ್ಲಂಬರಿಗೆ ಫೋನ್ ಹಚ್ಚು ಅಂದ್ರು.